ಮಿತಾಕ್ಷರದ ನಾಡಿನಲ್ಲಿ ಅಲರ್ಜಿಯ ವಂಶಾವಳಿ

ಹೈದರಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಬೀದರ್ ಜಿಲ್ಲೆಯನ್ನು ಅಡ್ಡಲಾಗಿ ಹಾಯುತ್ತದೆ. ಈ ದಾರಿಯ ದೊಡ್ಡ ಊರು ಹುಮನಾಬಾದ್. ಅಲ್ಲಿಂದ ಪಶ್ಚಿಮಕ್ಕೆ ಸಾಗಿ, ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳಿದರೆ ಬಸವಕಲ್ಯಾಣ. ಎರಡೂ ಕಡೆ ತೊಗರಿ, ಕಡಲೆ, ಉದ್ದು, ಹೆಸರು, ಕಬ್ಬಿನ ಹೊಲಗಳು. ಬಸ್ಸಿನೊಳಗೆ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಕೇಳಿಸುತ್ತವೆ. 2017ರಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗ ಪೂರ್ತಿಯಾದ ಮೇಲೆ ಹುಮನಾಬಾದಿಗೆ ರೈಲಿನಲ್ಲಿ ಬರುವವರೂ ಇದ್ದಾರೆ.

ಹುಮನಾಬಾದಿನಲ್ಲಿ ನೋಡುವಂಥದ್ದು ಕಡಿಮೆಯೇನಿಲ್ಲ. ಜನವರಿಯಲ್ಲಿ ವೀರಭದ್ರೇಶ್ವರ ದೇವರ ಜಾತ್ರೆಗೆ ಮೂರು ರಾಜ್ಯಗಳ ಜನ ಸೇರುತ್ತಾರೆ. ಊರಿಗೆ ಹತ್ತಿಕೊಂಡಂತೆ ಮಾಣಿಕನಗರವಿದೆ. ಹತ್ತೊಂಬತ್ತನೆಯ ಶತಮಾನದ ಸಂತ ಮಾಣಿಕಪ್ರಭುಗಳ ನೆಲೆ ಅದು. ಇದೇ ತಾಲ್ಲೂಕಿನ ಜಲಸಂಗವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಯೊಂದಿದೆ. ಅದರ ಹೊರಗೋಡೆಯ ಮೇಲೆ ನಿಂತಿರುವ ಶಿಲಾಸುಂದರಿಯರಲ್ಲಿ ಒಬ್ಬಳು ಕನ್ನಡಿ ನೋಡುವುದಿಲ್ಲ, ಕುಣಿಯುವುದಿಲ್ಲ, ಬರೆಯುತ್ತಾಳೆ. ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯ ಅಕ್ಷರಗಳನ್ನು ಕಲ್ಲಿನ ಮೇಲೆ ಮೂಡಿಸುತ್ತಿರುವ ಅವಳನ್ನು ಜನ ಶಾಸನ ಸುಂದರಿ ಎಂದು ಕರೆಯುತ್ತಾರೆ. ಶಾಸನ ಕೆತ್ತುವಾಗ ಒಂದು ಅಕ್ಷರ ತಪ್ಪಿದರೆ ಅರ್ಥವೇ ಬದಲಾದೀತು. ಅಕ್ಷರ ತಪ್ಪುವ ಆ ಸಂಗತಿ ನಮ್ಮೆಲ್ಲರ ಮೈಯೊಳಗೂ ದಿನಾ ನಡೆಯುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ನೆನಪಿಟ್ಟುಕೊಂಡರೆ ಮುಂದಿನ ದಾರಿಗೆ ಉಪಯೋಗವಾಗುತ್ತದೆ.

ಹೆಜ್ಜೇನಿನ ಪಾಠ

ಬಸವಕಲ್ಯಾಣದ ಕೋಟೆ, ಹತ್ತಿರದ ನಾರಾಯಣಪುರದ ಚಾಲುಕ್ಯ ದೇಗುಲ, ತ್ರಿಪುರಾಂತಕ ಕೆರೆಯ ದಂಡೆ, 2012ರಲ್ಲಿ ಅನಾವರಣಗೊಂಡ 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆ. ಶಾಲೆಯ ಪ್ರವಾಸಗಳು ಈ ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸುತ್ತವೆ. ಇಂತಹ ಹಳೆಯ ಕೋಟೆ, ಗೋಪುರ, ದೊಡ್ಡ ಮರಗಳ ಎತ್ತರದ ಚಾಚುಗಳು ನಮ್ಮ ನಾಡಿನಲ್ಲೆಲ್ಲ ಹೆಜ್ಜೇನಿಗೆ ಮೆಚ್ಚಿನ ಜಾಗ. ಒಬ್ಬ ಹುಡುಗ ಎಸೆದ ಒಂದು ಕಲ್ಲು ಸಾಕು, ಇಡೀ ತಂಡವೇ ದಿಕ್ಕಾಪಾಲು.

ಜೇನು ಕಚ್ಚಿಸಿಕೊಂಡ ಹತ್ತು ಜನರನ್ನು ಸಾಲಾಗಿ ನಿಲ್ಲಿಸಿದರೆ ಬಹುಪಾಲು ಮಂದಿಗೆ ಉರಿ, ಬಾವು, ಒಂದೆರಡು ದಿನದ ನೋವು. ಅಷ್ಟೇ. ನೂರಾರು ಹುಳುಗಳು ಒಟ್ಟಿಗೆ ಕಚ್ಚಿದರೆ ವಿಷವೇ ಅಪಾಯ ತರುತ್ತದೆ. ಅದು ಬೇರೆ ಮಾತು. ಆದರೆ ಎಲ್ಲೋ ಒಬ್ಬರಿಗೆ ಒಂದೇ ಒಂದು ಹುಳು ಕಚ್ಚಿದರೂ ನಿಮಿಷಗಳಲ್ಲಿ ಮೈತುಂಬ ಗಂಧೆ ಏಳುತ್ತದೆ, ತುಟಿ ಊದುತ್ತದೆ, ಗಂಟಲು ಬಿಗಿಯುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿದು ಕಣ್ಣು ಕತ್ತಲಿಡುತ್ತದೆ. ವೈದ್ಯರು ಇದನ್ನು ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ. ತಕ್ಷಣ ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು.

ಒಂದೇ ಹುಳು, ಒಂದೇ ವಿಷ, ಒಂದೇ ವಯಸ್ಸಿನ ಮಕ್ಕಳು. ಒಬ್ಬನಿಗೆ ಬಾವು, ಇನ್ನೊಬ್ಬನಿಗೆ ಪ್ರಾಣಾಪಾಯ. ಯಾಕೆ? ಇದು ರಕ್ತದಲ್ಲಿ ಹರಿದುಬಂದದ್ದೇ? ತಂದೆಯಿಂದಲೋ, ತಾಯಿಯಿಂದಲೋ? ಮಗು ಬದುಕುಳಿದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಇದೇ. ಬಹಳ ಸಲ ಅದು ಪ್ರಶ್ನೆಯಾಗಿ ಉಳಿಯದೆ ಆರೋಪವಾಗುತ್ತದೆ. ಆರೋಪ ಸಾಮಾನ್ಯವಾಗಿ ತಾಯಿಯ ತವರಿನ ಕಡೆಗೆ ತಿರುಗುತ್ತದೆ.

ಮೈಯ ಕಾವಲುಗಾರ

ಈ ಗದ್ದಲಕ್ಕೆಲ್ಲ ಕಾರಣ ಮಾಸ್ಟ್ ಕೋಶವೆಂಬ ಪುಟ್ಟ ಜೀವಕೋಶ. ಜರ್ಮನಿಯ ಪಾಲ್ ಎರ್ಲಿಖ್ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, 1878ರಲ್ಲಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ ಇವುಗಳನ್ನು ಗುರುತಿಸಿದ. ಒಳಗೆಲ್ಲ ಕಾಳು ತುಂಬಿದಂತೆ ಕಂಡದ್ದರಿಂದ, ಚೆನ್ನಾಗಿ ಉಂಡು ಕೊಬ್ಬಿದ ಕೋಶವೆಂಬ ಅರ್ಥ ಬರುವ ಹೆಸರನ್ನು ತನ್ನ ಭಾಷೆಯಲ್ಲಿ ಇಟ್ಟ. ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಈ ಕೋಶಗಳು ಚರ್ಮ, ಮೂಗು, ಶ್ವಾಸನಾಳ, ಕರುಳುಗಳಲ್ಲಿ ನೆಲೆಸುತ್ತವೆ. ಅಂದರೆ ಮೈ ಹೊರಜಗತ್ತಿಗೆ ತಾಗುವ ಬಾಗಿಲುಗಳಲ್ಲಿ ನಿಂತ ಕಾವಲುಗಾರರು ಇವು.

ಕಾವಲುಗಾರನ ಜೋಳಿಗೆಯಲ್ಲಿ ಹಿಸ್ಟಮಿನ್, ಟ್ರಿಪ್ಟೇಸ್ ಮುಂತಾದ ರಾಸಾಯನಿಕಗಳಿರುತ್ತವೆ. ಹುಳ, ಪರೋಪಜೀವಿ, ವಿಷ ಒಳಬಂದಾಗ ಇವುಗಳನ್ನು ಚೆಲ್ಲಿ ಎಚ್ಚರಿಸುವುದು ಅವನ ಕೆಲಸ. ಕೋಶದ ಮೈಮೇಲೆ ಐಜಿಇ ಎಂಬ ಪ್ರತಿಕಾಯಗಳು ಕುಳಿತಿರುತ್ತವೆ. ಅಮೆರಿಕದಲ್ಲಿದ್ದ ಜಪಾನಿನ ಇಶಿಜಾಕಾ ದಂಪತಿಗಳು 1966ರಲ್ಲಿ ಇದನ್ನು ಕಂಡುಹಿಡಿದರು. ಸ್ವೀಡನ್ನಿನ ವಿಜ್ಞಾನಿಗಳೂ ಅದೇ ಹೊತ್ತಿಗೆ ಬೇರೆ ದಾರಿಯಿಂದ ಅಲ್ಲಿಗೇ ತಲುಪಿದ್ದರು. ಐಜಿಇ ಒಮ್ಮೆ ಕಂಡ ಮುಖವನ್ನು ಮರೆಯುವುದಿಲ್ಲ. ಆದ್ದರಿಂದಲೇ ಮೊದಲ ಸಲ ಜೇನು ಕಚ್ಚಿದಾಗ ಏನೂ ಆಗದವನಿಗೆ ಮುಂದಿನ ಸಲ ಕುತ್ತು ಬರಬಹುದು.

ಈ ವಿಚಿತ್ರವನ್ನು ಮೊದಲು ವಿವರಿಸಿದವರು ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ. ಸಮುದ್ರಜೀವಿಯೊಂದರ ವಿಷವನ್ನು ಸ್ವಲ್ಪ ಸ್ವಲ್ಪವೇ ಕೊಟ್ಟರೆ ನಾಯಿಗೆ ರಕ್ಷಣೆ ಬರುತ್ತದೆಂದು ಅವರು ಎಣಿಸಿದ್ದರು. ಮೊದಲ ಸಲ ಚೆನ್ನಾಗಿ ತಾಳಿಕೊಂಡ ನಾಯಿ, ಕೆಲವು ವಾರಗಳ ಬಳಿಕ ಮತ್ತೆ ಚುಚ್ಚಿದಾಗ ನಿಮಿಷಗಳಲ್ಲಿ ಸತ್ತುಹೋಯಿತು. 1902ರಲ್ಲಿ ಅವರು ರಕ್ಷಣೆಗೆ ವಿರುದ್ಧವಾದುದು ಎಂಬರ್ಥದಲ್ಲಿ ಅನಾಫಿಲ್ಯಾಕ್ಸಿಸ್ ಎಂಬ ಹೆಸರು ಕಟ್ಟಿದರು. 1913ರಲ್ಲಿ ರಿಶೆಗೆ ನೊಬೆಲ್ ಬಂತು.

ಕಾವಲುಗಾರ ಇರಬೇಕು, ನಿಜ. ಆದರೆ ಅವರ ಸಂಖ್ಯೆ ವಿಪರೀತವಾದರೆ? ಜೋಳಿಗೆಯಲ್ಲಿ ಮದ್ದುಗುಂಡು ಮೊದಲೇ ಹೆಚ್ಚಾಗಿದ್ದರೆ? ಸಣ್ಣ ಸದ್ದಿಗೂ ಗುಂಡು ಹಾರಿಸುವ ಸ್ವಭಾವವಾದರೆ? ಅಲ್ಲಿ ವಂಶವಾಹಿಗಳ ಕಥೆ ಶುರುವಾಗುತ್ತದೆ. ಅದನ್ನು ಅರ್ಥಮಾಡಿಕೊಳ್ಳಲು ಕಲ್ಯಾಣಕ್ಕಿಂತ ಒಳ್ಳೆಯ ಊರು ಸಿಗಲಾರದು.

ಮಿತಾಕ್ಷರ ಹುಟ್ಟಿದ ಊರು

ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರ ತನ್ನ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದ. 1076ರಲ್ಲಿ ಪಟ್ಟವೇರಿದ ಅವನ ಮಗ ಆರನೆಯ ವಿಕ್ರಮಾದಿತ್ಯ ಅರ್ಧ ಶತಮಾನ ಆಳಿದ. ಅವನ ಆಶ್ರಯದಲ್ಲಿ ವಿಜ್ಞಾನೇಶ್ವರನೆಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರ. ಬಂಗಾಳ, ಅಸ್ಸಾಮುಗಳನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆ ಶತಮಾನಗಳ ಕಾಲ ನಡೆದದ್ದು ಈ ಗ್ರಂಥದ ಆಧಾರದ ಮೇಲೆ. ಇಂದಿಗೂ ನ್ಯಾಯಾಲಯಗಳಲ್ಲಿ ಇದರ ಹೆಸರು ಕೇಳಿಬರುತ್ತದೆ.

ಈ ಗ್ರಂಥದ ಎರಡು ಸಂಗತಿಗಳು ಇಲ್ಲಿ ಮುಖ್ಯ. ಮೊದಲನೆಯದು ಸಪಿಂಡ ಎಂಬ ಮಾತಿನ ವಿವರಣೆ. ಪಿಂಡವೆಂದರೆ ಶ್ರಾದ್ಧದ ಅನ್ನದ ಉಂಡೆ ಎಂದು ಅರ್ಥೈಸುವವರಿದ್ದರು. ವಿಜ್ಞಾನೇಶ್ವರ ಹಾಗೆ ಹೇಳಲಿಲ್ಲ. ಪಿಂಡವೆಂದರೆ ಶರೀರ, ಒಂದೇ ಶರೀರದ ಅಂಶಗಳನ್ನು ಹಂಚಿಕೊಂಡವರು ಸಪಿಂಡರು, ಮಗುವಿನಲ್ಲಿ ತಂದೆಯ ಅಂಶವಿರುವಂತೆ ತಾಯಿಯದೂ ಇದೆ, ಅವರ ಮೂಲಕ ಅಜ್ಜ ಅಜ್ಜಿಯರದೂ ಇದೆ ಎಂದು ವಾದಿಸಿದ. ಇದನ್ನೇ ಇಂದಿನ ತಳಿವಿಜ್ಞಾನವೆಂದು ಕೊಚ್ಚಿಕೊಂಡರೆ ಅತಿಶಯೋಕ್ತಿಯಾದೀತು. ಆದರೆ ನಂಟಸ್ತಿಕೆಯನ್ನು ಮೈಯ ಲೆಕ್ಕದಲ್ಲಿ ಅಳೆಯಬೇಕು ಎಂಬ ಯೋಚನೆ ಈ ಊರಿನಲ್ಲಿ ಒಂಬೈನೂರು ವರ್ಷಗಳ ಹಿಂದೆಯೇ ಇತ್ತು ಎಂಬುದು ಸಣ್ಣ ಮಾತಲ್ಲ.

ಎರಡನೆಯದು ಪ್ರತಿ ರೈತನೂ ಬಲ್ಲ ವ್ಯತ್ಯಾಸ: ಪಿತ್ರಾರ್ಜಿತ ಆಸ್ತಿ, ಸ್ವಯಾರ್ಜಿತ ಆಸ್ತಿ. ಮೊದಲನೆಯದು ಹಿರಿಯರಿಂದ ಬಂದದ್ದು, ಹುಟ್ಟಿನಿಂದಲೇ ಹಕ್ಕು. ಎರಡನೆಯದು ಒಬ್ಬನ ಜೀವಮಾನದಲ್ಲಿ ಬಂದು ಸೇರಿದ್ದು. ಮಾಸ್ಟ್ ಕೋಶಗಳ ಕಾಯಿಲೆಗಳನ್ನೂ ಹೀಗೆಯೇ ಎರಡು ಖಾತೆಗಳಾಗಿ ಬರೆದುಕೊಳ್ಳಬಹುದು. ಮನೆಮಂದಿಯ ಜಗಳಗಳಲ್ಲಿ ಅರ್ಧದಷ್ಟು ಈ ಎರಡು ಖಾತೆಗಳನ್ನು ಬೆರೆಸಿಬಿಡುವುದರಿಂದ ಹುಟ್ಟುತ್ತವೆ.

ಸ್ವಯಾರ್ಜಿತ ಖಾತೆ

ಮಾಸ್ಟ್ ಕೋಶಗಳು ಮಿತಿಮೀರಿ ಬೆಳೆದು ಚರ್ಮದಲ್ಲೋ ಮಜ್ಜೆಯಲ್ಲೋ ತುಂಬಿಕೊಳ್ಳುವ ಅಪರೂಪದ ಕಾಯಿಲೆಗೆ ಮಾಸ್ಟೊಸೈಟೋಸಿಸ್ ಎಂದು ಹೆಸರು. ಇದರ ಹಿಂದಿರುವುದು ನಾಲ್ಕನೆಯ ವರ್ಣತಂತುವಿನ ಮೇಲಿರುವ ಕಿಟ್ ಎಂಬ ವಂಶವಾಹಿ. ಮಾಸ್ಟ್ ಕೋಶ ಬೆಳೆಯಲು, ಬದುಕಲು ಬೇಕಾದ ಸೂಚನೆಯನ್ನು ಹಿಡಿಯುವ ಪ್ರೋಟೀನನ್ನು ಇದು ತಯಾರಿಸುತ್ತದೆ. ಆ ಪ್ರೋಟೀನಿನಲ್ಲಿ 976 ಅಮೈನೋ ಆಮ್ಲಗಳ ಸರಪಳಿ. 816ನೆಯ ಕೊಂಡಿಯಲ್ಲಿ ಆಸ್ಪಾರ್ಟಿಕ್ ಆಮ್ಲ ಇರಬೇಕು. ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ, 'ಎ' ಇರಬೇಕಾದಲ್ಲಿ 'ಟಿ', ಬದಲಾದರೆ ಆ ಜಾಗಕ್ಕೆ ವ್ಯಾಲಿನ್ ಬಂದು ಕೂರುತ್ತದೆ. ಜಲಸಂಗವಿಯ ಸುಂದರಿಯ ಉಳಿ ಒಮ್ಮೆ ಜಾರಿದಂತೆ. ಆಗ ಗುಂಡಿ ಒತ್ತದಿದ್ದರೂ ಕರೆಗಂಟೆ ಬಾರಿಸುತ್ತಲೇ ಇರುತ್ತದೆ. ಕೋಶ ಬೆಳೆಯುತ್ತಲೇ ಹೋಗುತ್ತದೆ. ಮೈಯೊಳಗೆ ಹಬ್ಬಿದ ಮಾಸ್ಟೊಸೈಟೋಸಿಸ್ ಇರುವ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಇದೇ ಅಕ್ಷರದೋಷ ಕಾಣುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ದೋಷ ತಂದೆ ತಾಯಿಯರಲ್ಲಿ ಇರುವುದಿಲ್ಲ. ಹುಟ್ಟಿನ ಹೊತ್ತಿನ ಮೊದಲ ಕೋಶದಲ್ಲಿಯೂ ಇರುವುದಿಲ್ಲ. ಮುಂದೆ ಎಲ್ಲೋ ಒಂದು ಕೋಶ ತನ್ನನ್ನು ನಕಲು ಮಾಡಿಕೊಳ್ಳುವಾಗ ಆದ ತಪ್ಪು ಅದು. ಆದ್ದರಿಂದ ಸಾಮಾನ್ಯವಾಗಿ ಮಕ್ಕಳಿಗೂ ಹೋಗುವುದಿಲ್ಲ. ವಂಶವಾಹಿಯ ದೋಷವೆಂದ ಕೂಡಲೇ ವಂಶದ ದೋಷವೆಂದು ತಿಳಿಯಬಾರದು. ಒಂದೇ ಮನೆಯಲ್ಲಿ ಇಬ್ಬರಿಗೆ ಬರುವ ಉದಾಹರಣೆಗಳಿದ್ದರೂ ಅವು ಬಹಳ ವಿರಳ.

ಚಿಕ್ಕ ಮಕ್ಕಳಲ್ಲಿ ಈ ಕಾಯಿಲೆ ಹೆಚ್ಚಾಗಿ ಚರ್ಮಕ್ಕೇ ಸೀಮಿತ. ಕಂದು ಬಣ್ಣದ ಮಚ್ಚೆಗಳು. ಉಜ್ಜಿದರೆ ಕೆಂಪಾಗಿ ಗಂಧೆಯಂತೆ ಉಬ್ಬುತ್ತವೆ. ಊರ ಕಡೆ ಇದನ್ನು ಪಿತ್ತವೆಂದು, ದೃಷ್ಟಿಯೆಂದು, ಕೆಲವೊಮ್ಮೆ ಕುಷ್ಠದ ಭಯದಿಂದ ಮುಚ್ಚಿಡುವುದುಂಟು. ಇದು ಅಂಟುವ ರೋಗವಲ್ಲ. ಬಹಳಷ್ಟು ಮಕ್ಕಳಲ್ಲಿ ಹರೆಯದ ಹೊತ್ತಿಗೆ ಮಾಸುತ್ತದೆ ಅಥವಾ ತೀರಾ ಕಡಿಮೆಯಾಗುತ್ತದೆ. ಚರ್ಮದ ವೈದ್ಯರಿಗೆ ತೋರಿಸಿದರೆ ಸಾಕು, ಮುಚ್ಚಿಡಬೇಕಾಗಿಲ್ಲ.

ಜೇನಿಗೂ ಇದಕ್ಕೂ ಸಂಬಂಧವಿದೆ. ಇಟಲಿಯ ವೈದ್ಯರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೇನು ಕಣಜಗಳ ಕಡಿತದಿಂದ ಇಡೀ ಮೈಗೆ ತೊಂದರೆಯಾದ 379 ಜನರ ರಕ್ತ ಪರೀಕ್ಷಿಸಿದರು. 44 ಮಂದಿಯಲ್ಲಿ ಟ್ರಿಪ್ಟೇಸ್ ಹೆಚ್ಚಿತ್ತು. ಅವರಲ್ಲಿ ಮಜ್ಜೆಯ ಪರೀಕ್ಷೆ ಮಾಡಿಸಿಕೊಂಡ ಬಹುಪಾಲು ಮಂದಿಯಲ್ಲಿ ಮಾಸ್ಟ್ ಕೋಶಗಳ ಕಾಯಿಲೆ ಅಡಗಿ ಕುಳಿತಿತ್ತು. ಚರ್ಮದ ಮೇಲೆ ಮಚ್ಚೆಯಿಲ್ಲದೆಯೂ, ಜೇನು ಕಚ್ಚಿ ಪ್ರಜ್ಞೆ ತಪ್ಪಿದ ಒಂದು ಘಟನೆಯೇ ಕಾಯಿಲೆಯ ಮೊದಲ ಸುಳಿವಾಗಬಹುದು.

ಪಿತ್ರಾರ್ಜಿತ ಖಾತೆ

ಇನ್ನೊಂದು ಖಾತೆಯ ಪುಟ ತೆರೆದದ್ದು ಇತ್ತೀಚೆಗೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 2016ರಲ್ಲಿ ಆನುವಂಶಿಕ ಆಲ್ಫಾ ಟ್ರಿಪ್ಟೇಸೀಮಿಯಾ ಎಂಬ ಸ್ಥಿತಿಯ ಮೂಲವನ್ನು ಕಂಡುಹಿಡಿದರು. ಹದಿನಾರನೆಯ ವರ್ಣತಂತುವಿನ ಮೇಲಿರುವ ಟಿಪಿಎಸ್‌ಎಬಿ-1 ಎಂಬ ವಂಶವಾಹಿಯಲ್ಲಿ ಆಲ್ಫಾ ಟ್ರಿಪ್ಟೇಸಿನ ಪ್ರತಿಗಳು ಕೆಲವರಲ್ಲಿ ಒಂದರ ಬದಲು ಎರಡು, ಮೂರು ಇರುತ್ತವೆ. ಇಲ್ಲಿ ಅಕ್ಷರ ತಪ್ಪಿಲ್ಲ. ಒಂದೇ ಸಾಲನ್ನು ಎರಡು ಸಲ ಕೆತ್ತಿದಂತಾಗಿದೆ. ಪ್ರತಿ ಹೆಚ್ಚಾದಷ್ಟೂ ರಕ್ತದಲ್ಲಿ ಟ್ರಿಪ್ಟೇಸ್ ಹೆಚ್ಚು. ಪಾಶ್ಚಾತ್ಯ ದೇಶಗಳ ಅಧ್ಯಯನಗಳಲ್ಲಿ ನೂರಕ್ಕೆ ನಾಲ್ಕರಿಂದ ಆರು ಜನರಲ್ಲಿ ಇದು ಕಂಡುಬಂದಿದೆ. ಅವರಲ್ಲಿ ಅನೇಕರಿಗೆ ಯಾವ ತೊಂದರೆಯೂ ಇಲ್ಲ. ಕೆಲವರಿಗೆ ಗಂಧೆ, ಮುಖ ಕೆಂಪೇರುವುದು, ಹೊಟ್ಟೆನೋವು. ಜೇನು ಕಣಜಗಳ ವಿಷಕ್ಕೆ ಒಗ್ಗದಿಕೆ ಮೊದಲೇ ಇದ್ದವರಲ್ಲಿ ಮಾತ್ರ ಇದು ಪರಿಣಾಮವನ್ನು ತೀವ್ರಗೊಳಿಸಬಲ್ಲದು ಎಂದು ನಂತರದ ಅಧ್ಯಯನಗಳು ತೋರಿಸಿವೆ. ಇದೇ ಒಗ್ಗದಿಕೆಯನ್ನು ಹುಟ್ಟಿಸುವುದಿಲ್ಲ. ಇದ್ದ ಬೆಂಕಿಗೆ ಗಾಳಿ ಹಾಕುತ್ತದೆ.

ಇದು ಮೆಂಡೆಲ್ ಹೇಳಿದ ಪ್ರಬಲ ಗುಣ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಗಂಡೆಂದು ಹೆಚ್ಚಿಲ್ಲ, ಹೆಣ್ಣೆಂದು ಕಡಿಮೆಯಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಕೊಡಲು ಕರ್ನಾಟಕದ ಕಾನೂನು 1994ರವರೆಗೆ, ದೇಶದ ಕಾನೂನು 2005ರವರೆಗೆ ಕಾಯಬೇಕಾಯಿತು. ವಂಶವಾಹಿ ಯಾವ ತಿದ್ದುಪಡಿಗೂ ಕಾಯಲಿಲ್ಲ.

ಅದೇ 2016ರಲ್ಲಿ ಅದೇ ಸಂಸ್ಥೆಯಿಂದ ಮತ್ತೊಂದು ಸುದ್ದಿ ಬಂತು. ಲೆಬನಾನಿನ ಕೆಲವು ಕುಟುಂಬಗಳಲ್ಲಿ ಚಪ್ಪಾಳೆ ತಟ್ಟಿದರೆ, ಟವೆಲಿನಿಂದ ಮೈ ಉಜ್ಜಿದರೆ, ಬಸ್ಸು ಕುಲುಕಿದರೆ ಸಾಕು, ಚರ್ಮದ ಮೇಲೆ ಗಂಧೆ ಏಳುತ್ತಿತ್ತು. ಎಡಿಜಿಆರ್‌ಇ-2 ಎಂಬ ವಂಶವಾಹಿಯ ಒಂದು ಬದಲಾವಣೆಯಿಂದ ಅವರ ಮಾಸ್ಟ್ ಕೋಶಗಳು ಬರಿಯ ಅದುರಾಟಕ್ಕೇ ಜೋಳಿಗೆ ಚೆಲ್ಲುತ್ತಿದ್ದವು. ಹುಮನಾಬಾದಿನಿಂದ ಹಳ್ಳಿಗಳ ಕಡೆಗೆ ಹೊರಟ ಬಸ್ಸಿನಲ್ಲಿ ಕುಳಿತವರಿಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಾಗಲಾರದು! ಕಾಯಿಲೆ ಅತ್ಯಂತ ಅಪರೂಪದ್ದು. ಆದರೆ ಕಾವಲುಗಾರನ ಸ್ವಭಾವವೇ ವಂಶದಲ್ಲಿ ಹರಿದುಬರಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಕೂಡು ಕುಟುಂಬದ ಲೆಕ್ಕ

ಈ ಎರಡು ಖಾತೆಗಳ ಆಚೆಗಿರುವುದು ದಿನನಿತ್ಯ ನಾವು ಕಾಣುವ ಅಲರ್ಜಿಗಳು: ಧೂಳು, ಪರಾಗ, ಹಾಲು, ಮೀನು, ಬೇಳೆ. ಇವು ಯಾವುದೋ ಒಂದೇ ವಂಶವಾಹಿಯ ಕೆಲಸವಲ್ಲ. ಹತ್ತಾರು ವಂಶವಾಹಿಗಳು ಸ್ವಲ್ಪ ಸ್ವಲ್ಪ ಪಾಲು ಹಾಕುತ್ತವೆ. ಪರಿಸರ ತನ್ನ ಪಾಲು ಹಾಕುತ್ತದೆ. ಕೂಡು ಕುಟುಂಬದ ಖರ್ಚಿನಂತೆ, ಯಾರ ಪಾಲು ಎಷ್ಟೆಂದು ಬಿಡಿಸಿ ಹೇಳುವುದು ಕಷ್ಟ.

ಅವಳಿ ಮಕ್ಕಳ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಅಮೆರಿಕದಲ್ಲಿ 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ 58 ಅವಳಿ ಜೋಡಿಗಳನ್ನು ಆರಿಸಿಕೊಂಡಿತು. ಪ್ರತಿ ಜೋಡಿಯಲ್ಲಿ ಒಬ್ಬರಿಗಾದರೂ ಶೇಂಗಾ ಅಲರ್ಜಿ ಇತ್ತು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ನೂರಕ್ಕೆ ಸುಮಾರು 64 ಜೋಡಿಗಳಲ್ಲಿ ಇಬ್ಬರಿಗೂ ಅಲರ್ಜಿ. ಬೇರೆ ಬೇರೆ ಅಂಡದ ಅವಳಿಗಳಲ್ಲಿ ಅದು ಸುಮಾರು ಏಳು ಮಾತ್ರ. ವಂಶದ ಪ್ರಭಾವ ದೊಡ್ಡದು ಎಂಬುದು ಇದರಿಂದ ಸ್ಪಷ್ಟ. ಆದರೆ ಇನ್ನೊಂದು ಕಡೆಯಿಂದಲೂ ಲೆಕ್ಕ ನೋಡಬೇಕು. ಡಿಎನ್‌ಎಯ ಪ್ರತಿ ಅಕ್ಷರವೂ ಒಂದೇ ಆಗಿದ್ದ ಜೋಡಿಗಳಲ್ಲಿಯೂ ಮೂರರಲ್ಲಿ ಒಂದು ಜೋಡಿಗೆ ಅಲರ್ಜಿ ಒಬ್ಬರಿಗಷ್ಟೇ ಬಂತು. ವಂಶ ಒಲವನ್ನು ಕೊಡುತ್ತದೆ, ತೀರ್ಪನ್ನಲ್ಲ.

ನಮ್ಮ ರಾಜ್ಯದ್ದೇ ಒಂದು ಅಧ್ಯಯನ ಪಾಲಕರು ತಿಳಿದಿರಬೇಕಾದದ್ದು. ಮೈಸೂರಿನ ವೈದ್ಯ ವಿಜ್ಞಾನಿ ಪಿ.ಎ. ಮಹೇಶ್ ಮತ್ತು ಸಂಗಡಿಗರು ಯುರೋಪಿನ ಸಂಶೋಧಕರ ಜೊತೆಗೂಡಿ ಕರ್ನಾಟಕದ 11,791 ವಯಸ್ಕರನ್ನು ಆಹಾರದ ಅಲರ್ಜಿಯ ಬಗ್ಗೆ ವಿಚಾರಿಸಿದರು. ಫಲಿತಾಂಶ 2016ರಲ್ಲಿ ಹೊರಬಂತು. ಯಾವುದಾದರೊಂದು ಆಹಾರದ ವಿರುದ್ಧ ರಕ್ತದಲ್ಲಿ ಐಜಿಇ ಇದ್ದವರು ನೂರಕ್ಕೆ 26.5 ಎಂದು ಅಂದಾಜಾಯಿತು. ಆದರೆ ನಿಜವಾಗಿ ಆಹಾರದ ಅಲರ್ಜಿ ಇರಬಹುದಾದವರು ನೂರಕ್ಕೆ 1.2 ಮಾತ್ರ! ಕಾವಲುಗಾರ ಮುಖ ಗುರುತಿಟ್ಟುಕೊಂಡಿದ್ದಾನೆ, ಆದರೆ ಕೋಲು ಎತ್ತಿಲ್ಲ. ಬರಿಯ ರಕ್ತಪರೀಕ್ಷೆಯ ಚೀಟಿ ನೋಡಿ ಬೆಳೆಯುವ ಮಗುವಿಗೆ ಹಾಲು, ಬೇಳೆ, ಮೊಟ್ಟೆ ಎಲ್ಲವನ್ನೂ ಬಿಡಿಸುವುದು ಎಂತಹ ಅನಾಹುತ ಎಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ಬೇಳೆಯ ಮಾತು ಈ ಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನ ಕಾಲದಲ್ಲಿ, 1129ರ ಸುಮಾರಿಗೆ, ಇದೇ ಕಲ್ಯಾಣದಲ್ಲಿ ಸಿದ್ಧವಾದ ಮಾನಸೋಲ್ಲಾಸ ಗ್ರಂಥದಲ್ಲಿ ಬೇಳೆಕಾಳುಗಳ ಅಡುಗೆಗಳ ವರ್ಣನೆಯೇ ಇದೆ. ಎಳ್ಳ ಅಮಾವಾಸ್ಯೆಯ ದಿನ ಬೀದರ್, ಕಲಬುರಗಿ ಜಿಲ್ಲೆಗಳ ಜನ ಹೊಲದಲ್ಲಿ ಕುಳಿತು ಸಜ್ಜೆಯ ಕಡುಬಿನ ಜೊತೆ ಉಣ್ಣುವ ಭಜ್ಜಿಯಲ್ಲಿ ಹಸಿ ಕಡಲೆ, ತೊಗರಿ, ಅವರೆ, ಶೇಂಗಾ ಎಲ್ಲವೂ ಒಂದೇ ಗಡಿಗೆಯಲ್ಲಿ ಬೇಯುತ್ತವೆ. ಪಾಶ್ಚಾತ್ಯ ಪಠ್ಯಗಳಲ್ಲಿ ಶೇಂಗಾದ ಅಲರ್ಜಿಯೇ ದೊಡ್ಡದು. ನಮ್ಮಲ್ಲಿ ಕಡಲೆಯ ಅಲರ್ಜಿಯೂ ಲೆಕ್ಕಕ್ಕೆ ಬರುತ್ತದೆಂದು ಮುಂಬೈಯ ವೈದ್ಯರು 2001ರಲ್ಲಿ ವರದಿ ಮಾಡಿದ್ದಾರೆ. ಭಜ್ಜಿ ಉಂಡು ಮಗುವಿಗೆ ಗಂಧೆ ಎದ್ದರೆ ಯಾವ ಕಾಳಿನಿಂದ ಎಂದು ಊಹೆ ಮಾಡಿ ಎಲ್ಲವನ್ನೂ ಬಿಡಿಸಬಾರದು. ಏನು ತಿಂದಿತು, ಎಷ್ಟು ಹೊತ್ತಿಗೆ ಗಂಧೆ ಎದ್ದಿತು, ಆಗ ಆಟವಾಡುತ್ತಿತ್ತೇ, ಯಾವ ಮಾತ್ರೆ ನುಂಗಿತ್ತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ವೈದ್ಯರಿಗೆ ಅದು ಯಾವ ಪರೀಕ್ಷೆಗಿಂತಲೂ ಕಡಿಮೆಯಲ್ಲ.

ಸೋದರಿಕೆ ಮತ್ತು ಸಂಬಂಧ

ರೋಗ ಹರಿದುಬರುವ ಮನೆತನದಿಂದ ಹೆಣ್ಣು ತರಬಾರದೆಂಬ ಮಾತು ಯಾಜ್ಞವಲ್ಕ್ಯ ಸ್ಮೃತಿಯಲ್ಲಿಯೇ ಇದೆ. ಇಂದಿಗೂ ಅದೇ ಅಂಜಿಕೆ. ಮಗಳಿಗೆ ಅಲರ್ಜಿ ಎಂದು ಹೊರಗೆ ಗೊತ್ತಾದರೆ ಸಂಬಂಧ ಕೂಡಿಬರಲಿಕ್ಕಿಲ್ಲವೆಂದು ಮುಚ್ಚಿಡುವ ಪಾಲಕರಿದ್ದಾರೆ. ಶಾಲೆಗೆ ಹೇಳುವುದಿಲ್ಲ, ಗೆಳತಿಯರಿಗೆ ಗೊತ್ತಿಲ್ಲ, ಮದುವೆಯಾದ ಮನೆಗೂ ತಿಳಿಸುವುದಿಲ್ಲ. ಕಡೆಗೆ ಆಪತ್ತು ಬಂದ ದಿನ ಪಕ್ಕದಲ್ಲಿದ್ದವರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಕಾಯಿಲೆಗಿಂತ ಮುಚ್ಚಿಟ್ಟ ಗುಟ್ಟೇ ಹೆಚ್ಚು ಅಪಾಯಕಾರಿ.

ಹಾಗಾದರೆ ಸೋದರಮಾವ, ಅತ್ತೆಯ ಮಗ ಎಂದು ಒಳಗೊಳಗೇ ಮಾಡುವ ಮದುವೆ? 1980ರ ದಶಕದಲ್ಲಿ ಕರ್ನಾಟಕದ ನವಜಾತ ಶಿಶುಗಳ ತಪಾಸಣೆಯ ಜೊತೆ ನಡೆದ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗಿನದೇ ಆಗಿತ್ತು. 1955ರ ಹಿಂದೂ ವಿವಾಹ ಕಾಯಿದೆ ಸಪಿಂಡರ ಮದುವೆಯನ್ನು ನಿಷೇಧಿಸಿದರೂ ರೂಢಿಗೆ ವಿನಾಯಿತಿ ಕೊಟ್ಟಿದೆ.

ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಅಜ್ಜನಿಗೆ ಆಲ್ಫಾ ಟ್ರಿಪ್ಟೇಸಿನ ಹೆಚ್ಚುವರಿ ಪ್ರತಿ ಒಂದು ವರ್ಣತಂತುವಿನಲ್ಲಿದೆ, ಅಜ್ಜಿಗೆ ಇಲ್ಲ ಎಂದಿಟ್ಟುಕೊಳ್ಳಿ. ಮಗನಿಗೆ ಅದು ಬರುವ ಸಂಭವ ಎರಡರಲ್ಲಿ ಒಂದು. ಮಗಳ ಮೂಲಕ ಮೊಮ್ಮಗಳಿಗೆ ನಾಲ್ಕರಲ್ಲಿ ಒಂದು. ಆ ಸೋದರಮಾವ ಈ ಸೊಸೆಯನ್ನೇ ಮದುವೆಯಾದರೆ ಇಬ್ಬರಲ್ಲಿಯೂ ಇರುವ ಸಂಭವ ಎಂಟರಲ್ಲಿ ಒಂದು. ಅವರ ಮಗುವಿಗೆ ಎರಡೂ ಕಡೆಯಿಂದ ಬರುವ ಸಂಭವ ಮೂವತ್ತೆರಡರಲ್ಲಿ ಒಂದು. ಹಾಗೆ ಬಂದಾಗ ಪ್ರತಿಗಳು ಕೂಡಿ ಟ್ರಿಪ್ಟೇಸ್ ಇನ್ನಷ್ಟು ಹೆಚ್ಚುತ್ತದೆ. ಎರಡೂ ಕಡೆಯಿಂದ ಬಂದರೆ ಮಾತ್ರ ತಲೆಯೆತ್ತುವ ಬೇರೆ ಕೆಲವು ಕಾಯಿಲೆಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಸೋದರಿಕೆಯನ್ನು ವಿಜ್ಞಾನ ಪ್ರೋತ್ಸಾಹಿಸದಿರುವುದು ಈ ಕಾರಣಕ್ಕೆ. ಆದರೆ ಕಿಟ್ ವಂಶವಾಹಿಯ ಸ್ವಯಾರ್ಜಿತ ದೋಷಕ್ಕೂ ಮಾವನ ಮಗಳ ಮದುವೆಗೂ ಯಾವ ಸಂಬಂಧವೂ ಇಲ್ಲ. ಆದ ಮದುವೆಯನ್ನು ಹಳಿಯುತ್ತ ಕೂರುವುದರಿಂದ ಯಾವ ಮಗುವೂ ಗುಣವಾಗುವುದಿಲ್ಲ.

ಮೊದಲ ನಿಮಿಷಗಳು

ವಂಶಾವಳಿ ಏನೇ ಇರಲಿ, ಆಪತ್ತಿನ ಹೊತ್ತಿಗೆ ಉಪಾಯ ಒಂದೇ. ಗಂಧೆಯ ಜೊತೆ ಉಸಿರಾಟದ ತೊಂದರೆ, ದನಿ ಬದಲಾಗುವುದು, ಮೇಲಿಂದ ಮೇಲೆ ವಾಂತಿ, ತಲೆಸುತ್ತು ಇವುಗಳಲ್ಲಿ ಯಾವುದಾದರೂ ಕಂಡರೆ ಅದು ಬರಿಯ ಪಿತ್ತವಲ್ಲ. ಕೆಲವರಲ್ಲಿ ಗಂಧೆ ಏಳದೆಯೂ ಕುಸಿತ ಬರಬಹುದು. ಮೊದಲ ಮದ್ದು ಅಡ್ರಿನಲಿನ್ ಚುಚ್ಚುಮದ್ದು. ತೊಡೆಯ ಹೊರಬದಿಯ ಸ್ನಾಯುವಿಗೆ, ವಯಸ್ಸು ತೂಕ ನೋಡಿ ವೈದ್ಯರು ಕೊಡುತ್ತಾರೆ. ಅದು ಕುಸಿದ ರಕ್ತದೊತ್ತಡವನ್ನು ಎತ್ತುತ್ತದೆ, ಬಿಗಿದ ಶ್ವಾಸನಾಳವನ್ನು ಸಡಿಲಿಸುತ್ತದೆ. ಇದು ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ, ದುಬಾರಿಯಲ್ಲದ ಔಷಧಿ. ಮನೆಯಲ್ಲಿರುವ ಸೆಟಿರಿಜಿನ್ ಮಾತ್ರೆ ತುರಿಕೆಗೆ ಸರಿ, ಜೀವ ಉಳಿಸಲು ಸಾಲದು. ಮಾತ್ರೆ ಕೊಟ್ಟು ಕಾದು ನೋಡುವುದೇ ಬಹಳ ಕಡೆ ಆಗುವ ತಪ್ಪು.

108ಕ್ಕೆ ಕರೆ ಮಾಡಬೇಕು ಅಥವಾ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ರೋಗಿಯನ್ನು ನಡೆಸಬಾರದು, ನಿಲ್ಲಿಸಬಾರದು. ಮಲಗಿಸಿ ಕಾಲು ಎತ್ತರಕ್ಕೆ ಇಡಬೇಕು. ಉಸಿರಿಗೆ ಕಷ್ಟವಾದರೆ ಕೂರಿಸಬಹುದು, ವಾಂತಿಯಾಗುತ್ತಿದ್ದರೆ ಮಗ್ಗುಲಾಗಿಸಬೇಕು. ಜೇನಿನ ಮುಳ್ಳು ಚರ್ಮದಲ್ಲಿ ಉಳಿದಿದ್ದರೆ ತಡಮಾಡದೆ ಕೆರೆದು ತೆಗೆಯಬೇಕು. ಚೇತರಿಸಿಕೊಂಡರೂ ಕೆಲವು ಗಂಟೆ ಆಸ್ಪತ್ರೆಯಲ್ಲಿಯೇ ಇರಬೇಕು, ಏಕೆಂದರೆ ಎರಡನೆಯ ಅಲೆ ಬರುವುದುಂಟು.

ಆಮೇಲಿನ ಕೆಲಸವೂ ಇದೆ. ಘಟನೆಯಾದ ಕೆಲವೇ ಗಂಟೆಗಳಲ್ಲಿ ಒಮ್ಮೆ, ಪೂರ್ತಿ ಗುಣವಾದ ಮೇಲೆ ಇನ್ನೊಮ್ಮೆ ರಕ್ತದ ಟ್ರಿಪ್ಟೇಸ್ ಅಳೆಸಿದರೆ ಉಪಯುಕ್ತ. ಗುಣವಾದ ಮೇಲೂ ಅದು ಹೆಚ್ಚಾಗಿಯೇ ಉಳಿದರೆ ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂದು ತಜ್ಞರು ಹುಡುಕುತ್ತಾರೆ. ಪಿತ್ರಾರ್ಜಿತವಾದರೆ ಅಣ್ಣ ತಮ್ಮ ಅಕ್ಕ ತಂಗಿಯರಿಗೂ ಎಚ್ಚರಿಕೆ ಹೇಳಬೇಕು. ಸ್ವಯಾರ್ಜಿತವಾದರೆ ಅವರು ನಿಶ್ಚಿಂತರಾಗಿರಬಹುದು. ವಂಶಾವಳಿ ಬರೆಯುವುದು ಯಾರನ್ನೋ ದೂರುವುದಕ್ಕಲ್ಲ, ಯಾರನ್ನು ಕಾಪಾಡಬೇಕೆಂದು ತಿಳಿಯುವುದಕ್ಕೆ. ಜೇನಿನ ವಿಷಕ್ಕೆ ತೀವ್ರ ಅಲರ್ಜಿ ಇದ್ದವರಿಗೆ ವಿಷವನ್ನೇ ಅಣುವಣುವಾಗಿ ಕೊಟ್ಟು ಒಗ್ಗಿಸುವ ಚಿಕಿತ್ಸೆಯೂ ಇದೆ. ಪ್ರವಾಸಕ್ಕೆ ಹೊರಡುವ ಮುನ್ನ ಶಿಕ್ಷಕರು ಪ್ರತಿ ಮಗುವಿನ ಮನೆಯಿಂದ ಎರಡು ಸಾಲಿನ ಮಾಹಿತಿ ತರಿಸಿಕೊಂಡರೆ, ಕೋಟೆಯ ಬಳಿ ಕಲ್ಲೆಸೆಯಬಾರದೆಂದು ಕಟ್ಟುನಿಟ್ಟಾಗಿ ಹೇಳಿದರೆ ಅರ್ಧ ಕೆಲಸ ಆದಂತೆ.

ಹುಟ್ಟಿನ ಬಗ್ಗೆ ಕಲ್ಯಾಣ ಎರಡು ಮಾತು ಹೇಳಿದ ಊರು. ಹುಟ್ಟಿನಿಂದ ಏನೇನು ಬರುತ್ತದೆಂದು ವಿಜ್ಞಾನೇಶ್ವರ ಇಲ್ಲಿ ಕುಳಿತು ಲೆಕ್ಕ ಬರೆದ. ಅದಾದ ಕೆಲವೇ ದಶಕಗಳಲ್ಲಿ, ಬಿಜ್ಜಳನ ಆಳ್ವಿಕೆಯಲ್ಲಿ, ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದೆಂದು ಶರಣರು ಇದೇ ಊರಿನಲ್ಲಿ ಸಾರಿದರು. ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ಕಥೆಯನ್ನು ಇಲ್ಲಿನ ಜನ ಇಂದಿಗೂ ಹೇಳುತ್ತಾರೆ. ಅಲರ್ಜಿಯುಳ್ಳ ಮಗುವಿನ ಮನೆಗೆ ಈ ಎರಡು ಮಾತುಗಳೂ ಬೇಕು. ರಕ್ತದಲ್ಲಿ ಏನು ಬಂದಿದೆ ಎಂಬ ಲೆಕ್ಕವನ್ನು ಅಂಜದೆ ಬರೆದಿಡಬೇಕು. ಆ ಲೆಕ್ಕ ಮಗುವಿನ ಬೆಲೆ ಕಟ್ಟುವ ಚೀಟಿಯಲ್ಲ ಎಂಬುದನ್ನೂ ಮರೆಯಬಾರದು.